ಕೊಟ್ಟಿಗೆಯಲ್ಲಿ ಇಂಗ್ಲಿಷ್

ಆನವಟ್ಟಿಯ ಸುತ್ತಿನ ಹಳ್ಳಿಗಳಲ್ಲಿ ಆಗ ಮಕ್ಕಳು ಓದುತ್ತಿದ್ದುದು ಸಂಜೆ ದೀಪ ಹಚ್ಚಿದ ಮೇಲೆ. ಓದುವುದೆಂದರೆ ಗಟ್ಟಿಯಾಗಿ ಹೇಳುವುದು. ದೇವರ ಗೂಡಿನ ಮುಂದೆ ಚಾಪೆ ಹಾಸಿ, ಕಾಲು ಮಡಿಚಿ ಕೂತು, ಮೊದಲು ಮಗ್ಗಿ, ಆಮೇಲೆ ವಾರ, ತಿಂಗಳು, ನಕ್ಷತ್ರ, ಸಂವತ್ಸರ, ಕೊನೆಗೆ ದೇವರ ಪದ. ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಧಾಟಿ. ಒಳಗೆ ರೊಟ್ಟಿ ತಟ್ಟುವವರಿಗೆ, ಜಗಲಿಯಲ್ಲಿ ಎಲೆಯಡಿಕೆ ಹಾಕುವವರಿಗೆ ಮಗುವಿನ ಧ್ವನಿ ನಿಲ್ಲದೆ ಕೇಳುತ್ತಿದ್ದರೆ ಸಾಕು, ಓದು ನಡೆದಿದೆ ಎಂದು ಅರ್ಥ. ನಿಂತರೆ "ಯಾಕ, ನಿದ್ದಿ ಬಂತೇನು?" ಎಂದು ಒಳಗಿನಿಂದ ಕೂಗು ಬರುತ್ತಿತ್ತು.

ಶಿಕಾರಿಪುರದ ನಮ್ಮ ಮನೆಯಲ್ಲಿ ಈ ಪದ್ಧತಿ ನನ್ನ ಕಾಲಕ್ಕೇ ಬಿಟ್ಟುಹೋಗಿತ್ತು. ಅಪ್ಪ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ದಿನವಿಡೀ ಕಕ್ಷಿದಾರರ ಗಲಾಟೆ ಕೇಳಿ ಬರುತ್ತಿದ್ದ ಅವರಿಗೆ ಮನೆಯಲ್ಲಿ ಸದ್ದು ಬೇಡವಾಗಿತ್ತು. "ಮನಸ್ಸಿನಲ್ಲೇ ಓದಿಕೋ" ಎನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಓದಿಕೊಂಡು ಬೆಳೆದೆ. ಮಾತೂ ಬಹಳ ಮಟ್ಟಿಗೆ ಅಲ್ಲೇ ಉಳಿಯಿತು.

ಮೈಸೂರಿನಲ್ಲಿ ಇಂಗ್ಲಿಷ್ ಆನರ್ಸ್ ಮುಗಿಸಿ ಬಂದ ವರ್ಷ ಆನವಟ್ಟಿಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸುವವರು ಬೇಕಾಗಿದ್ದರು. ಹೆಣ್ಣುಮಗಳು ಒಬ್ಬಳೇ ಪರವೂರಿನಲ್ಲಿ ಇರುವುದು ಹೇಗೆ ಎಂಬ ಮಾತು ಮನೆಯಲ್ಲಿ ಒಂದು ವಾರ ನಡೆಯಿತು. ಕೊನೆಗೆ ಅಪ್ಪನ ಪರಿಚಯದವರ ಮನೆಯ ಮುಂದಿನ ಕೋಣೆ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಶಿಕಾರಿಪುರದಿಂದ ಬಸ್ಸು ಹತ್ತುವುದು, ಶಿರಾಳಕೊಪ್ಪದಲ್ಲಿ ಅದು ನಿಂತು ಹೊರಡುವ ತನಕ ಕಾಯುವುದು, ಶನಿವಾರ ಮಧ್ಯಾಹ್ನ ಮತ್ತೆ ಅದೇ ದಾರಿ. ರಾಜ್ಯ ಒಂದಾಗಿ ಆಗಿನ್ನೂ ಎರಡು ಮೂರು ವರ್ಷ. ಆನವಟ್ಟಿಯಿಂದ ಸ್ವಲ್ಪ ಆಚೆಗೆ ಹೋದರೆ ನಿನ್ನೆ ಮೊನ್ನೆಯವರೆಗೆ ಬೊಂಬಾಯಿ ಸರ್ಕಾರದ ಸೀಮೆ. ಸಂತೆಯಲ್ಲಿ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತಿತ್ತು. ಅಲ್ಲಿ ಹೆಣ್ಣು ಮೇಷ್ಟ್ರನ್ನು "ಅಕ್ಕೋರು" ಎನ್ನುತ್ತಾರೆ. ಇಪ್ಪತ್ತೆರಡನೆಯ ವಯಸ್ಸಿಗೆ ನಾನು ಊರಿಗೆಲ್ಲ ಅಕ್ಕೋರಾದೆ.

ಮೈಸೂರಿನಲ್ಲಿ ನಮ್ಮ ಪ್ರೊಫೆಸರರು ಒಂದು ವಿಷಯವನ್ನು ಒತ್ತಿ ಒತ್ತಿ ಹೇಳುತ್ತಿದ್ದರು. ಇಂಗ್ಲಿಷ್ ಭಾಷೆಯನ್ನು ಇಂಗ್ಲಿಷರೇ ಪೂರ್ತಿಯಾಗಿ ಮಾಡಿದ್ದಲ್ಲ. ಆ ದೇಶವನ್ನು ಗೆದ್ದವರು ಸ್ವಲ್ಪ ಮಾಡಿದರು, ಪ್ರಾರ್ಥನೆ ಮಾಡಿಸಿದವರು ಸ್ವಲ್ಪ ಮಾಡಿದರು, ಉತ್ತು ಬಿತ್ತಿದವರು ಉಳಿದದ್ದನ್ನು ಉಳಿಸಿಕೊಂಡರು. ಪಠ್ಯದ ಜೊತೆಗೆ ಇದನ್ನೂ ನನ್ನ ತರಗತಿಯಲ್ಲಿ ಹೇಳಬೇಕೆಂದು ನನಗೆ ಆಸೆ. ಎಸ್.ಎಸ್.ಎಲ್.ಸಿ. ತರಗತಿಗೆ ಒಂದು ದಿನ ಹೇಳಿದೆ: ಮೇಯುವ ಕುರಿಗೆ ಇಂಗ್ಲಿಷಿನಲ್ಲಿ ಶೀಪ್ ಎಂದು ಒಂದು ಹೆಸರು, ಅದು ತಟ್ಟೆಗೆ ಬಂದ ಮೇಲೆ ಮಟನ್ ಎಂದು ಇನ್ನೊಂದು ಹೆಸರು. ಮೊದಲಿನದು ಆ ನೆಲದವರದು, ಎರಡನೆಯದು ಸಮುದ್ರ ದಾಟಿ ಬಂದು ಅವರನ್ನು ಆಳಿದ ಫ್ರೆಂಚ್ ಮಾತಿನ ದೊರೆಗಳದು. ಸಾಕಿದವರ ಬಾಯಲ್ಲಿ ಒಂದು, ತಿಂದವರ ಬಾಯಲ್ಲಿ ಒಂದು.

ಹಿಂದಿನ ಬೆಂಚಿನಿಂದ ಕುರಿ ಸಾಕುವವರ ಮನೆಯ ಹುಡುಗನೊಬ್ಬ ಎದ್ದ. "ಅಂದ್ರ ಕುರಿ ಕಾಯೋರು ನಾವು, ತಿನ್ನೋರು ಕಚೇರಿಯೋರು. ಅಲ್ಲೂ ಹಂಗೇನ್ರಿ?"

ತರಗತಿಯೆಲ್ಲ ನಕ್ಕಿತು. ನಾನು ಕಚೇರಿಯವರ ಮಗಳೆಂಬುದು ಅವರಿಗೆ ಗೊತ್ತಿತ್ತು. ನಾನೂ ನಕ್ಕೆ. ಆಮೇಲೆ ನಮ್ಮ ಮಾತಿನಲ್ಲೂ ಹೀಗೆ ಇದೆಯೇ ನೋಡೋಣ ಎಂದು, ಹೊಲದ ವಿಚಾರದಲ್ಲಿ ಕಚೇರಿಯವರು ಆಡುವ ಮಾತು ಒಂದು ಕಡೆ, ಹೊಲದಲ್ಲೇ ಆಡುವ ಮಾತು ಇನ್ನೊಂದು ಕಡೆ ಹೇಳಿಸಿದೆ. ಜಮೀನು, ಜಪ್ತಿ, ತಕರಾರು, ಜಮಾಬಂದಿ ಎಂದರು. ಈ ಕಡೆ ನೇಗಿಲು, ಕುಂಟೆ, ಕಣ, ಮೇಟಿ. ಮೊದಲಿನವು ಪಾರಸಿ ಆಡುತ್ತಿದ್ದವರ ದರ್ಬಾರಿನಿಂದ ಬಂದವು, ಎರಡನೆಯವು ನಮ್ಮವು ಎಂದು ನಾನು ಹೇಳುತ್ತಿದ್ದಂತೆ, ಮುಂದಿನ ಬೆಂಚಿನಲ್ಲಿದ್ದ ಹುಡುಗಿ ತಲೆ ಬಗ್ಗಿಸಿಕೊಂಡೇ ಹೇಳಿದಳು: "ನಮ್ಮಜ್ಜಗ ಆ ಕಡೇವು ಕೇಳಿದ್ರ ಸಿಟ್ಟು ಬರ್ತೈತ್ರಿ, ಈ ಕಡೇವು ಕೇಳಿದ್ರ ಬೆನ್ನು ನೋವು ಬರ್ತೈತಿ."

ಆ ತರಗತಿಗೆ ಅವಳೊಬ್ಬಳೇ ಹುಡುಗಿ. ಕುಬಟೂರಿನವಳು. ದಿನಾ ಅಲ್ಲಿಂದ ನಡೆದು ಬರುತ್ತಿದ್ದಳು. ಮನೆಯಲ್ಲಿ ಅಪ್ಪ ಅಮ್ಮ ಇದ್ದರೂ ನಡೆಯುತ್ತಿದ್ದುದು ಅಜ್ಜನ ಮಾತು. ಅವಳ ಜೊತೆಯಲ್ಲಿ ಓದಿದ ಹುಡುಗಿಯರೆಲ್ಲ ಮಿಡ್ಲ್ ಸ್ಕೂಲಿಗೇ ನಿಂತಿದ್ದರು. ಇವಳು ಲೆಕ್ಕದಲ್ಲಿ ಚುರುಕು, ಅದರಿಂದಲೇ ಅಜ್ಜ ಬಿಟ್ಟದ್ದು ಎಂದು ಹೆಡ್‌ಮಾಸ್ಟರರು ಹೇಳುತ್ತಿದ್ದರು. ಎಸ್.ಎಸ್.ಎಲ್.ಸಿ. ಪಾಸಾದರೆ ಶಿವಮೊಗ್ಗದಲ್ಲಿ ಟ್ರೈನಿಂಗ್ ಮುಗಿಸಿ ಮೇಷ್ಟ್ರಾಗಬೇಕು ಎಂಬುದು ಅವಳ ಆಸೆ. ಅದನ್ನು ಅವಳು ನನಗೆ ಒಂದೇ ಸಲ ಹೇಳಿದ್ದಳು, ಅದೂ ಕರಿಹಲಗೆ ಒರೆಸುತ್ತ, ನನ್ನ ಮುಖ ನೋಡದೆ.

ಪಠ್ಯಪುಸ್ತಕದಲ್ಲಿ ಒಂದು ಸಣ್ಣ ಪದ್ಯವಿತ್ತು. ಕೆಳಗೆ ಬರೆದವರ ಹೆಸರಿರಲಿಲ್ಲ. ಸಂಜೆ ಕುರುಬನೊಬ್ಬ ಕುರಿಗಳನ್ನು ದೊಡ್ಡಿಗೆ ಸೇರಿಸುತ್ತಾನೆ. ಎಣಿಸಿದಾಗ ಒಂದು ಕಡಿಮೆ. ಲಾಟೀನು ಹಿಡಿದು ಮತ್ತೆ ಗುಡ್ಡ ಹತ್ತುತ್ತಾನೆ. ಕೊನೆಯ ಚರಣಕ್ಕೆ ಬರುವ ಹೊತ್ತಿಗೆ ಆ ಕುರುಬ ದೇವರಾಗಿರುತ್ತಾನೆ, ತಪ್ಪಿಸಿಕೊಂಡ ಕುರಿ ಹಾಡುವವನೇ ಆಗಿರುತ್ತಾನೆ. ಇಂಗ್ಲಿಷಿನಲ್ಲಿ ಇಂಥವು ಬಹಳ. ಚರ್ಚಿನ ಗಂಟೆ ಕೇಳದೆ ಅವರ ಸಾಹಿತ್ಯದಲ್ಲಿ ಸಂಜೆಯಾಗುವುದೇ ಇಲ್ಲ. ಪರೀಕ್ಷೆಗೆ ಆ ಪದ್ಯವನ್ನು ಬಾಯಿಪಾಠ ಮಾಡಬೇಕಾಗಿತ್ತು.

ಅದನ್ನು ಒಪ್ಪಿಸುವ ದಿನ ಅವಳು ಎದ್ದು ನಿಂತು ಹಾಡಿಬಿಟ್ಟಳು. ಹುಡುಗರು ಮೊದಲು ನಕ್ಕರು, ಆಮೇಲೆ ಕಿವಿಗೊಟ್ಟರು. ಸಾಲಿಗೆ ನಾಲ್ಕು ಪೆಟ್ಟಿನ ಆ ಇಂಗ್ಲಿಷ್ ಪದ್ಯ ಕನ್ನಡದ ಧಾಟಿಯೊಳಗೆ ಸಲೀಸಾಗಿ ಕೂತಿತ್ತು. ಸಾಲಿನ ಕೊನೆಯಲ್ಲಿ ಮಾತ್ರ ಉಳಿದ ಜಾಗವನ್ನು ಅವಳು ಒಂದು ಎಳೆತದಿಂದ ತುಂಬುತ್ತಿದ್ದಳು.

"ಇದು ಯಾವ ಧಾಟಿ?" ಎಂದು ಕೇಳಿದೆ.

"ನಮ್ಮಜ್ಜಿ ದೀಪ ಹಚ್ಚಿ ಒಂದು ಪದ ಹೇಳ್ತಾಳ್ರಿ. ಅದರದು. ಹಂಗ ಹಾಡಿದ್ರ ಮರಿಯಂಗಿಲ್ಲ."

ಉಚ್ಚಾರಣೆ ತಿದ್ದಿದೆ. ಧಾಟಿಯನ್ನು ಹಾಗೆಯೇ ಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಒಂದು ದಿನ, ಎರಡು ದಿನ ಎಂದುಕೊಂಡು ವಾರವಾಯಿತು. ಕುಬಟೂರಿನಿಂದಲೇ ಬರುವ ಹುಡುಗನೊಬ್ಬನನ್ನು ಕರೆದು ಕೇಳಿದೆ.

"ಅವಳು ಇನ್ನು ಬರಂಗಿಲ್ರಿ. ಅವರಜ್ಜ ಬಿಡಿಸ್ಯಾನ. ಪರೀಕ್ಷೆಗೂ ಇಲ್ಲಂತ," ಎಂದ ಅವನು, ಕಾಲು ಬದಲಾಯಿಸಿ ನಿಂತು, "ಆ ಕುರಿ ಪದದಿಂದಾನೇ ಎಲ್ಲ ಆಗಿದ್ದು," ಎಂದ.

ಆದದ್ದು ಇಷ್ಟು. ಹುಡುಗಿ ತಿಂಗಳುಗಟ್ಟಲೆ ಆ ಪದ್ಯವನ್ನು ದೀಪದ ಮುಂದೆ, ಮಗ್ಗಿ ದೇವರಪದಗಳ ಸಾಲಿನಲ್ಲಿಯೇ ಹೇಳುತ್ತಿದ್ದಳು. ಧಾಟಿ ಮನೆಯದೇ. ಜಾಗವೂ ಹೊತ್ತೂ ದೇವರವೇ. ಹೀಗಾಗಿ ಮನೆಯವರೆಲ್ಲ ಅದನ್ನು ಇಂಗ್ಲಿಷಿನಲ್ಲಿರುವ ಒಂದು ಶಿವನ ಪದ ಎಂದೇ ತಿಳಿದಿದ್ದರು. ಅಜ್ಜನಂತೂ ಅದು ಶುರುವಾದಾಗ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಕೂರುತ್ತಿದ್ದನಂತೆ, ಮುಗಿದಾಗ ಕೈಮುಗಿಯುತ್ತಿದ್ದನಂತೆ. ಹಬ್ಬಕ್ಕೆ ಹಾನಗಲ್ಲ ಕಡೆಯಿಂದ ಬೀಗರು ಬಂದರು. ಅವರಲ್ಲೊಬ್ಬರು ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದವರು, ಇಂಗ್ಲಿಷ್ ಬಲ್ಲವರು. ಸಂಜೆ ಹುಡುಗಿ ಹಾಡಿದಳು, ಅಜ್ಜ ಕೈಮುಗಿದ. ಬೀಗರು ಅವಳನ್ನು ಕರೆದು ಅರ್ಥ ಹೇಳಿಸಿದರು. ಹೇಳಿದಳು. ಅವರು ತೊಡೆ ತಟ್ಟಿಕೊಂಡು ನಕ್ಕರಂತೆ: "ಅಲ್ರಿ ಬೀಗರ, ನಿಮ್ಮನ್ಯಾಗ ಕಿರಿಸ್ತಾನರ ಭಜನಿ ಯಾವಾಗಿಂದ ಸುರುವಾತು? ನಮಗೊಂದು ಮಾತು ಹೇಳಿ ಕಳಿಸಬಾರದಾ!"

ಹೆಡ್‌ಮಾಸ್ಟರರಿಗೆ ತಿಳಿಸಿದೆ. ಅವರು ಒಳ್ಳೆಯವರು, ಆದರೆ ಇನ್ನೊಬ್ಬರ ಜಗಲಿ ಹತ್ತುವವರಲ್ಲ. "ಬಿಡಿ ಅಮ್ಮ. ಇಲ್ಲಿವರೆಗೆ ಓದಿದಳಲ್ಲ, ಅದೇ ಹೆಚ್ಚು. ದೇವರ ವಿಷಯಕ್ಕೆ ಕೈ ಹಾಕಿದರೆ ಇರೋ ಮಕ್ಕಳನ್ನೂ ಬಿಡಿಸ್ತಾರೆ," ಎಂದರು. ಪರೀಕ್ಷೆಗೆ ಹೆಸರು ಕಳಿಸುವ ಗಡುವು ಹತ್ತಿರವಿತ್ತು. ಅದು ದಾಟಿದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಎಂದರೆ ಅವಳಿಗೆ ಗಂಡು ಗೊತ್ತಾಗುವುದಕ್ಕೆ ಬೇಕಾದಷ್ಟು ಕಾಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆ ಶನಿವಾರ ನಾನು ಶಿಕಾರಿಪುರದ ಬಸ್ಸು ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಕುಬಟೂರಿಗೆ ನಡೆದೆ. ಅಪರಿಚಿತರ ಮನೆಗೆ ತಾನಾಗಿ ಹೋಗಿ ಮಾತಾಡುವುದು ನನಗೆ ಆಗದ ಕೆಲಸ. ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ಕಟ್ಟಿ, ಒಡೆದು, ಮತ್ತೆ ಕಟ್ಟುತ್ತಿದ್ದೆ. ಗದ್ದೆಗಳಲ್ಲಿ ಕೊಯ್ಲು ಮುಗಿದಿತ್ತು. ಎಡಕ್ಕೆ ಹಳೆಯ ದೇವಸ್ಥಾನದ ಗೋಪುರ, ಅದರ ಸುತ್ತ ಮೇಯುತ್ತಿದ್ದ ದನಗಳು. ಎದುರಾದವರೆಲ್ಲ "ಯಾರ ಮನಿಗೆ ಅಕ್ಕೋರ?" ಎಂದು ಕೇಳಿ, ಹೆಸರು ಹೇಳುತ್ತಲೇ "ಓ" ಎಂದು ತಲೆಯಾಡಿಸುತ್ತಿದ್ದರು. ವಿಷಯ ಊರಿಗೆಲ್ಲ ಗೊತ್ತಾಗಿತ್ತು.

ಅಜ್ಜ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಹಣೆಯಲ್ಲಿ ವಿಭೂತಿ, ನೆಟ್ಟಗಿನ ಬೆನ್ನು. ನನ್ನನ್ನು ಕಂಡು ಎದ್ದು ನಿಂತರು.

"ಬರ್ರಿ ಅಕ್ಕೋರ. ಕುತ್ಕಳ್ರಿ. ಏ, ನೀರು ಬೆಲ್ಲ ತಗಂಬಾ."

ನೀರು ಬೆಲ್ಲ ತಂದದ್ದು ಅಜ್ಜಿ. ಹುಡುಗಿ ಬಾಗಿಲ ಹಿಂದೆ ಇದ್ದಳೆಂದು ಅವಳ ಸೀರೆಯ ಅಂಚಿನಿಂದ ತಿಳಿಯಿತು. ಶಾಲೆಗೆ ಲಂಗ ದಾವಣಿಯಲ್ಲಿ ಬರುತ್ತಿದ್ದವಳಿಗೆ ಆಗಲೇ ಸೀರೆ ಉಡಿಸಿದ್ದರು.

ದಾರಿಯಲ್ಲಿ ಕಟ್ಟಿಕೊಂಡು ಬಂದ ವಾಕ್ಯ ಬೇಕಾಗಲಿಲ್ಲ. ಅಜ್ಜನೇ ಶುರುಮಾಡಿದರು.

"ನೀವು ಯಾಕ ಬಂದೀರಿ ಅಂತ ಗೊತ್ತೈತಿ. ನಾನು ಒಂದೇ ಕೇಳ್ತೀನಿ. ಆ ಪದ ಅವರ ದೇವರದು ಹೌದೋ, ಅಲ್ಲೋ?"

ಇದೊಂದು ಪಾಠ ಅಷ್ಟೇ, ಕುರಿ ಕಳೆದು ಸಿಕ್ಕ ಕಥೆ ಎಂದು ಹೇಳಬಹುದಾಗಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಪದ್ಯದ ಕೊನೆಯ ಚರಣ ನನ್ನ ಕಣ್ಣ ಮುಂದೆ ಇತ್ತು.

"ಹೌದು. ಅವರ ದೇವರದೇ," ಎಂದೆ.

ಬಾಗಿಲ ಹಿಂದಿನ ಸೀರೆಯಂಚು ಅಲುಗಾಡಿತು. ಅಜ್ಜ ಹಗ್ಗವನ್ನು ಪಕ್ಕಕ್ಕಿಟ್ಟರು.

"ನೀವಾದ್ರೂ ಅಲ್ಲ ಅಂತೀರಿ ಅಂದ್ಕಂಡಿದ್ದೆ. ಬೀಗರ ಮುಂದ ಹೇಳಾಕ ಒಂದು ಮಾತಾದ್ರೂ ಸಿಗ್ತಿತ್ತು." ಮತ್ತೆ ಕೇಳಿದರು: "ಹಂಗಾದ್ರ ಯಾಕ ಕಲಿಸ್ತೀರಿ?"

ಮೈಸೂರಿನಲ್ಲಿ ಕಲಿತದ್ದನ್ನೆಲ್ಲ ನಾನು ಇಂಗ್ಲಿಷಿನಲ್ಲೇ ಕಲಿತಿದ್ದೆ, ಇಂಗ್ಲಿಷಿನಲ್ಲೇ ಬರೆದು ಅಂಕ ಪಡೆದಿದ್ದೆ. ಕನ್ನಡದಲ್ಲಿ, ಒಬ್ಬರ ಅಂಗಳದಲ್ಲಿ ಕೂತು ಅದನ್ನು ಹೇಳಿರಲಿಲ್ಲ. ನಿಧಾನವಾಗಿ ಹೇಳಿದೆ. ಅವರ ದೇಶದಲ್ಲಿ ಒಂದು ಕಾಲಕ್ಕೆ ಪೂಜೆ ಪ್ರಾರ್ಥನೆಯೆಲ್ಲ ಲ್ಯಾಟಿನ್ ಎಂಬ ಭಾಷೆಯಲ್ಲಿ. ಅದು ಪಾದ್ರಿಗಳಿಗೆ ಮಾತ್ರ ತಿಳಿಯುತ್ತಿತ್ತು. ಕಚೇರಿಯ ಮಾತು ಫ್ರೆಂಚ್. ಅದು ದೊರೆಗಳಿಗೆ ತಿಳಿಯುತ್ತಿತ್ತು. ಉಳುವವರದು ಇಂಗ್ಲಿಷ್, ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಆಮೇಲೆ ಕೆಲವರು ಜಗಳವಾಡಿ, ಜೀವ ಕೊಟ್ಟು, ತಮ್ಮ ಧರ್ಮದ ಪುಸ್ತಕವನ್ನು ಉಳುವವರ ಮಾತಿಗೆ ತಂದರು. ಅದನ್ನು ಮನೆಮನೆಯಲ್ಲಿ ಸಂಜೆ ಗಟ್ಟಿಯಾಗಿ ಓದಿದರು. ಓದಿ ಓದಿ ಅದರ ಮಾತು ಜನರ ಮಾತಾಯಿತು. ಸಾಲ, ಜಗಳ, ಮದುವೆ, ಏನು ಮಾತಾಡಿದರೂ ಆ ಪುಸ್ತಕದ ಕುರಿ, ಕುರುಬ, ದೊಡ್ಡಿ ನುಸುಳಿ ಬರುತ್ತವೆ. ದೇವರನ್ನು ನಂಬದವನು ಬರೆದರೂ ಬರುತ್ತವೆ. ಅವನ್ನು ಬಿಟ್ಟು ಇಂಗ್ಲಿಷ್ ಓದುತ್ತೇನೆಂದರೆ ಓದಿದಂತೆ ಆಗುವುದಿಲ್ಲ.

ಅಜ್ಜ ಪೂರ್ತಿ ಕೇಳಿದರು. ನಡುವೆ ಒಮ್ಮೆ ಮಾತ್ರ ಬಾಯಿ ಹಾಕಿದರು: "ಉಳೋರ ಮಾತು ಲೆಕ್ಕಕ್ಕಿಲ್ಲ ಅಂದ್ರಲ್ಲ. ಅದು ನಮಗ ಹೊಸಾದಲ್ಲ. ನಾನು ಒಕ್ಕಲು ಮಾಡೋನು. ರೈತ ಅಂತ ಹೆಸರಿಟ್ಟಿದ್ದು ಕಚೇರಿಯೋರು." ಹುಡುಗಿ ತರಗತಿಯ ಮಾತನ್ನು ಮನೆಗೂ ತಂದಿದ್ದಳು.

"ಅವಳು ಕೈಮುಗಿದದ್ದು ನಿಮ್ಮ ದೀಪಕ್ಕೆ. ಬಾಯಲ್ಲಿದ್ದದ್ದು ಪಾಠ," ಎಂದೆ ನಾನು.

"ಬಾಯಿ ಒಂದು ಕಡೆ, ಕೈ ಒಂದು ಕಡೆ ಆಗಬಾರದು ಅಂತಾನೇ ಅಲ್ವಾ ನಾವು ಮಕ್ಕಳನ್ನ ದೀಪದ ಮುಂದ ಕುಂದ್ರಿಸೋದು?"

ನನ್ನಲ್ಲಿದ್ದ ಮಾತೆಲ್ಲ ಮುಗಿದಿತ್ತು. ಲೋಟ ಕೆಳಗಿಟ್ಟೆ. ಏಳುವುದೊಂದು ಉಳಿದಿತ್ತು.

ಆಗ ಅಜ್ಜಿ, ಅಷ್ಟು ಹೊತ್ತೂ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದವರು, ತಲೆಯೆತ್ತದೆ ಹೇಳಿದರು: "ಹಂಗಾರ ಆ ಬದುವಿನ ಕಲ್ಲು ಯಾವಾಗ ಕಿತ್ತು ಹಾಕ್ತೀರಿ?"

"ಯಾವ ಕಲ್ಲು?"

"ಯಾವ ಕಲ್ಲಂತ! ಭೂಮಿ ಹುಣ್ಣಿಮೆಗೆ ನಾನು ರಾತ್ರಿಯೆಲ್ಲ ಎದ್ದು ಬೇಯಿಸಿದ್ದನ್ನ ಯಾವ ಕಲ್ಲಿಗೆ ಎಡೆ ಇಡ್ತೀರಿ, ಆ ಕಲ್ಲು."

ಅಜ್ಜಿ ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. ಅವರ ಹೊಲದ ಬದುವಿನಲ್ಲಿ ಒಂದು ಬರಹದ ಕಲ್ಲಿದೆ. ಭೂಮಿ ಬಸುರಿಯಾಗುವ ಹುಣ್ಣಿಮೆಯ ಬೆಳಗಿನ ಜಾವ, ಬಣ್ಣ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತುಕೊಂಡು ಹೋಗಿ, ಮೊದಲ ಎಡೆ ಆ ಕಲ್ಲಿಗೆ ಇಟ್ಟು ಆಮೇಲೆ ಉಳಿದ ಅಡುಗೆಯನ್ನು ಹೊಲಕ್ಕೆಲ್ಲ ಚರಗವಾಗಿ ಚೆಲ್ಲುವುದು. ಅಜ್ಜನ ಅಜ್ಜನ ಕಾಲದಿಂದ ಹಾಗೆ. ಈಶ್ವರನ ಕಲ್ಲು ಎಂದೇ ಎಲ್ಲರೂ ತಿಳಿದಿದ್ದರು. ಕೆಲವು ವರ್ಷದ ಹಿಂದೆ ಹತ್ತಿರದ ಬಂದಳಿಕೆ ಎಂಬ ಊರಿನ ಹಾಳು ಗುಡಿಗಳನ್ನು ನೋಡಲು ಬಂದಿದ್ದ ಸರ್ಕಾರದವರೊಬ್ಬರು ಈ ಊರಿಗೂ ಬಂದರು. ಕಲ್ಲಿಗೆ ನೀರು ಹಾಕಿ, ಸೀಮೆಸುಣ್ಣ ತಿಕ್ಕಿ ಓದಿದರು. ಜೈನರ ಬಸದಿಗೆ ಯಾರೋ ಭೂಮಿ ಬಿಟ್ಟದ್ದನ್ನು ಹೇಳುವ ಕಲ್ಲು ಅದು. ಮೊದಲ ಸಾಲಿನಲ್ಲೇ ಜಿನನ ಸ್ತುತಿ.

"ಅವತ್ತು ಇವರು ಏನಂದ್ರು ಕೇಳ್ರಿ ಅಕ್ಕೋರ. 'ಓದಾಕ ಬರದವರು ಕೈಮುಗಿದೀವಿ, ಕಲ್ಲೇನು ಬ್ಯಾಡ ಅಂದಿಲ್ಲ' ಅಂದ್ರು. ಮುಂದಿನ ಹುಣ್ಣಿಮಿಗೂ ಎಡಿ ಇಟ್ರು. ಅವರ ದೇವರ ಕಲ್ಲಿಗೆ ಕಡುಬು ಆಗ್ತೈತಿ. ಹುಡುಗಿ ಪರೀಕ್ಷೆಗೆ ಒಂದು ಪದ ಹೇಳಿದ್ರ ಆಗಂಗಿಲ್ಲ."

"ಕಲ್ಲು ಹೊಲದಾಗ ಐತಿ," ಎಂದರು ಅಜ್ಜ, ಕೊಂಚ ಜೋರಾಗಿ. "ದೀಪದ ಮುಂದ ತಂದು ಇಟ್ಟಿಲ್ಲ."

"ಹಂಗಾರ ಪದಾನೂ ಹೊರಗ ಇಡ್ರಿ! ಯಾರು ಬ್ಯಾಡಂದ್ರು?"

ಅಜ್ಜಿಯ ಬಾಯಿಂದ ಅದು ಬಂದದ್ದು ಹಂಗಿಸುವ ದನಿಯಲ್ಲಿ. ಆದರೆ ಅಜ್ಜ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು ಒಂದಿಷ್ಟು ಹೊಸೆದರು. ಆಮೇಲೆ ಬಾಗಿಲ ಕಡೆಗೆ ನೋಡದೆ ಹೇಳಿದರು:

"ಏ ತಂಗಿ. ಇಂಗ್ಲೀಷು ಇನ್ನು ಕೊಟ್ಟಿಗ್ಯಾಗ ಓದು. ದೀಪದ ಮುಂದ ಬ್ಯಾಡ. ಕಂದೀಲು ಒಯ್ದುಕ. ಹುಲ್ಲಿನ ಹತ್ರ ಇಡಬ್ಯಾಡ."

ಒಳಗೆ ಯಾರೋ ಓಡಿದ ಸದ್ದಾಯಿತು, ಏನೋ ಪಾತ್ರೆ ಉರುಳಿತು. "ನಿಧಾನ!" ಎಂದು ಅಜ್ಜಿ ಕೂಗಿದರು.

ಸೋಮವಾರ ಅವಳು ತರಗತಿಯಲ್ಲಿದ್ದಳು. ಲಂಗ ದಾವಣಿ ಹೋಗಿ ಸೀರೆಯೇ ಉಳಿಯಿತು. ಅದೊಂದು ವಿಷಯದಲ್ಲಿ ಅಜ್ಜ ಹಿಂದೆ ಸರಿಯಲಿಲ್ಲ. ಗಡುವಿನೊಳಗೆ ಅವಳ ಹೆಸರು ಹೋಯಿತು. ಓದು ಹೇಗೆ ಸಾಗಿದೆ ಎಂದು ಒಮ್ಮೆ ಕೇಳಿದಾಗ ಹೇಳಿದಳು: "ಎಮ್ಮಿಗೆ ಎಲ್ಲ ಪಾಠ ಬಂದಾವ್ರಿ. ಎತ್ತಿಗೆ ಮಾತ್ರ ಇನ್ನೂ ಗ್ರಾಮರು ಹತ್ತಿಲ್ಲ." ಅಜ್ಜಿಯ ಬಗ್ಗೆಯೂ ಒಂದು ಮಾತು ಹೇಳಿದಳು. ಸಂಜೆ ಹಾಲು ಕರೆಯುವುದು ಮೊದಲು ಅವಳಮ್ಮನ ಕೆಲಸವಾಗಿತ್ತು. ಈಗ ಅಜ್ಜಿಯೇ ಕರೆಯಲು ಬರುತ್ತಾರೆ, ಕರೆದಾದ ಮೇಲೂ ಬೇಗ ಏಳುವುದಿಲ್ಲ.

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೇಂದ್ರ ಶಿಕಾರಿಪುರದಲ್ಲಿತ್ತು. ಹುಡುಗರು ಗುಂಪಾಗಿ ಒಂದು ಕಡೆ ಇಳಿದುಕೊಂಡರು. ಹುಡುಗಿಯನ್ನು ನಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತೇನೆಂದು ನಾನೇ ಅಜ್ಜನಿಗೆ ಹೇಳಿಕಳಿಸಿದ್ದೆ. ಅಜ್ಜ ತಾವೇ ಬಂದು ಬಿಟ್ಟುಹೋದರು. ಜೊತೆಯಲ್ಲಿ ಹೊಸ ಅಕ್ಕಿ, ಅವರೆಕಾಳು, ಒಂದು ಕುಂಬಳಕಾಯಿ. ಅಮ್ಮ "ಇದೆಲ್ಲ ಯಾಕೆ ತರೋಕೆ ಹೋದ್ರಿ" ಎಂದದ್ದಕ್ಕೆ, "ಅವಳು ಬಾಳ ಉಣ್ತಾಳ್ರಿ ಅಮ್ಮಾರ" ಎಂದು ನಕ್ಕರು.

ಇಂಗ್ಲಿಷ್ ಪರೀಕ್ಷೆಯ ಹಿಂದಿನ ದಿನ, ಅಮ್ಮ ದೇವರಿಗೆ ದೀಪ ಹಚ್ಚುತ್ತಿದ್ದಂತೆ, ನಡುಮನೆಯಲ್ಲಿ ಕೂತಿದ್ದ ಹುಡುಗಿ ಪುಸ್ತಕ ಎತ್ತಿಕೊಂಡು ಎದ್ದಳು.

"ಎಲ್ಲಿಗೆ ಮಗು?" ಎಂದರು ಅಮ್ಮ.

"ಹಿತ್ತಲಿಗೆ ರೀ. ಇಂಗ್ಲಿಷ್ ಓದಬೇಕು."

"ಇಲ್ಲೇ ಓದು. ಇಲ್ಲಿ ಬೆಳಕಿದೆ."

"ದೀಪದ ಮುಂದ ಇಂಗ್ಲಿಷ್ ಓದಂಗಿಲ್ರಿ."

ಅಮ್ಮ ನನ್ನ ಮುಖ ನೋಡಿದರು. "ನಮ್ಮನೇಲಿ ಅಂಥ ಕಟ್ಟೇನಿಲ್ಲ ಕಣಮ್ಮ," ಎಂದರು. ಹುಡುಗಿ ತಲೆಯಾಡಿಸಿ, ಆದರೂ ಹೋದಳು. ನಮಗೆ ಕೊಟ್ಟಿಗೆ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಂದೀಲಿಟ್ಟು, ಬಾವಿಕಟ್ಟೆಗೆ ಒರಗಿ ನಿಂತು ಓದಿದಳು. ಗದ್ಯವೆಲ್ಲ ಮುಗಿದ ಮೇಲೆ ಕುರಿಯ ಪದ್ಯ ಬಂತು. ಅಮ್ಮ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿ ಕೇಳಿದರು. ನಾನು ಮನಸ್ಸಿನಲ್ಲೇ ಓದಿಕೊಂಡು ಬೆಳೆದ ಆ ಮನೆಯಲ್ಲಿ ಪಾಠವೊಂದು ಗಟ್ಟಿಯಾಗಿ ಕೇಳಿದ್ದು, ನನಗೆ ನೆನಪಿರುವಂತೆ, ಅದೇ ಮೊದಲು. ಅಪ್ಪ ಕೂಡ ಏನೂ ಅನ್ನಲಿಲ್ಲ.

ಫಲಿತಾಂಶ ಬಂದದ್ದು ಬೇಸಿಗೆ ಕಳೆದ ಮೇಲೆ. ಅವಳು ಪಾಸಾದಳು. ಆ ವರ್ಷವೇ ಶಿವಮೊಗ್ಗದ ಟ್ರೈನಿಂಗಿಗೂ ಸೇರಿದಳು. ಆದರೆ ಅವಳ ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಪರೀಕ್ಷೆ ಮುಗಿದ ದಿನದ ಸಂಜೆ.

ಅಜ್ಜ ಅವಳನ್ನು ಕರೆದೊಯ್ಯಲು ಬಂದಿದ್ದರು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಡುಮನೆಯಲ್ಲಿ ಕೂತು ಕಾಫಿ ಕುಡಿದರು. ಅಮ್ಮ ದೀಪ ಹಚ್ಚಿ ಬಂದು, ಆ ಕಟ್ಟಿನ ಹಿಂದಿನ ಕಥೆ ತಿಳಿಯದೆ (ನಾನು ಬಿಡಿಸಿ ಹೇಳಿರಲಿಲ್ಲ) ಹುಡುಗಿಗೆ ಹೇಳಿದರು: "ಮಗು, ಆ ಪದ್ಯ ಹಾಡ್ತಿದ್ಯಲ್ಲ, ಚೆನ್ನಾಗಿತ್ತು. ಹೋಗೋ ಮುಂಚೆ ಒಂದು ಸಲ ಇಲ್ಲೇ ಕೂತು ಹಾಡಿಬಿಡು."

ಹುಡುಗಿ ಅಜ್ಜನ ಕಡೆ ನೋಡಿದಳು. ನಾನೂ ನೋಡಿದೆ. ಅಮ್ಮ ಮಾತ್ರ ನಗುತ್ತ ಚಾಪೆ ಹಾಸುತ್ತಿದ್ದರು.

ಅಜ್ಜ ಲೋಟವನ್ನು ಗೋಡೆಯ ಪಕ್ಕಕ್ಕೆ ಇಟ್ಟರು. "ದೀಪ ನಿಮ್ದು ಅಮ್ಮಾರ," ಎಂದರು. "ನಿಮ್ಮ ಮನಿ ಕಟ್ಟು ನಿಮಗ. ಹಾಡ್ಲಿ." ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡು ಎದ್ದರು. "ನಾನು ಒಂದಿಷ್ಟು ಹೊರಗ ಕುಂದರ್ತೀನಿ. ಒಳಗ ಸೆಕಿ."

ಹೋಗಿ ಜಗಲಿಯ ತುದಿಯಲ್ಲಿ, ಬೀದಿಯ ಕಡೆ ಮುಖ ಮಾಡಿ ಕೂತರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಹುಡುಗಿ ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಎಂದಿನಂತೆ ಹಾಡಿದಳು. ಕುರಿಗಳು ದೊಡ್ಡಿಗೆ ಬಂದವು, ಎಣಿಕೆಯಾಯಿತು, ಲಾಟೀನು ಗುಡ್ಡ ಹತ್ತಿತು. ಸಾಲಿನ ಕೊನೆಯ ಎಳೆತಗಳನ್ನು ಅವಳು ಮನೆಯಲ್ಲಿ ಹಾಡುವಷ್ಟೇ ಉದ್ದ ಎಳೆದಳು. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ಅಜ್ಜ ಅಲುಗಾಡಲಿಲ್ಲ. ಅವರ ಪಕ್ಕದಲ್ಲೇ ಬಿಚ್ಚಿಟ್ಟ ಎಲೆಯಡಿಕೆ ಚೀಲವಿತ್ತು. ಅದಕ್ಕೆ ಕೈ ಹಾಕಲಿಲ್ಲ.

ಮುಗಿದ ಮೇಲೆ ಅಜ್ಜ ಒಳಗೆ ಬಂದರು. ಗಂಟು ಎತ್ತಿಕೊಳ್ಳುತ್ತ, ಯಾರನ್ನೂ ನೋಡದೆ ಕೇಳಿದರು:

"ತಪ್ಪಿಸಿಕೊಂಡಿತ್ತಲ್ಲ ಒಂದು. ಸಿಕ್ತೇನು ಅದು?"

"ಸಿಕ್ತಜ್ಜ," ಎಂದಳು ಹುಡುಗಿ.

"ಸಿಕ್ಕಲೇಬೇಕು. ಹುಡುಕ್ಕೊಂಡು ಅಷ್ಟು ದೂರ ಹೋಗ್ಯಾನ," ಎಂದರು ಅಜ್ಜ. "ನಡಿ, ಬಸ್ಸಿಗೆ ಹೊತ್ತಾತು."